ಚಿಗವ್ವನ ಕೊರಳಿನ ಫೋಟೋ

ತಿಕೋಟಾದ ನಮ್ಮ ಮನೆಯ ಪಡಸಾಲೆಯ ಕಿಟಕಿಯಲ್ಲಿ ಬಹಳ ವರ್ಷ ಒಂದು ಎಕ್ಸ್‌ರೇ ಪ್ಲೇಟು ತೂಗುತ್ತಿತ್ತು. ಮುಂಜಾನೆಯ ಬಿಸಿಲು ಹಿಂದಿನಿಂದ ಬಿದ್ದಾಗ ಅದರಲ್ಲಿ ನಮ್ಮ ಚಿಗವ್ವನ ಕೊರಳು ಕಾಣುತ್ತದೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ನಿಜ ಹೇಳಬೇಕೆಂದರೆ ಕೊರಳು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಕೊರಳಿಗೆ ಅಂಟಿ ಕೂತ ಟಿಕ್ಕಿ, ಅದರ ಕೆಳಗೆ ಬೋರೆಹಣ್ಣಿನಂಥ ಗುಂಡುಗಳ ಬೋರಮಾಳ, ಅದರ ಕೆಳಗೆ ತಾಳಿ. ಎಲುಬೆಂಬುದು ಇವುಗಳ ಸಂದಿಯಲ್ಲಿ, ಶ್ರೀಮಂತರ ಮದುವೆಗೆ ಬಂದ ಬಡ ನೆಂಟನ ಹಾಗೆ, ಎಲ್ಲೋ ಒಂದು ಮೂಲೆಯಿಂದ ಇಣುಕುತ್ತಿತ್ತು. ನಮ್ಮ ಮನೆತನಕ್ಕೆ ಅದಕ್ಕಿಂತ ಒಳ್ಳೆಯ ಪೋರ್ಟ್ರೇಟ್ ಯಾವ ಚಿತ್ರಗಾರನೂ ಬರೆಯಲಾರ ಎಂದು ಈಗ ಅನ್ನಿಸುತ್ತದೆ.

ಇದೆಲ್ಲ ನೆನಪಾಗಲು ಕಾರಣ ನನ್ನದೇ ಕೊರಳು. ಈಚೆಗೆ ಬಚ್ಚಲಿನಲ್ಲಿ ಜಾರಿ ಬಿದ್ದೆ. ಮಕ್ಕಳು ಸ್ಕ್ಯಾನ್ ಮಾಡಿಸಲೇಬೇಕೆಂದು ಕರೆದುಕೊಂಡು ಹೋದರು. ಮಷೀನಿನ ಹತ್ತಿರ ನಿಂತಿದ್ದ ಹುಡುಗಿ, "ಅಜ್ಜೀ, ಚೈನ್ ತೆಗೆದುಬಿಡಿ" ಎಂದಳು. ತೆಗೆದು ಅವಳ ಕೈಯಲ್ಲಿಟ್ಟೆ. ಅಷ್ಟೇ. ಅರ್ಧ ನಿಮಿಷ ಕೂಡ ಹಿಡಿಯಲಿಲ್ಲ. ಇದೇ ಅರ್ಧ ನಿಮಿಷದ ಕೆಲಸಕ್ಕೆ ನಲವತ್ತರ ದಶಕದಲ್ಲಿ, ಯುದ್ಧ ನಡೆದಿದ್ದ ಕಾಲದಲ್ಲಿ, ನಮಗೆ ಒಂದು ಇಡೀ ಮಧ್ಯಾಹ್ನ ಮತ್ತು ಒಂದು ಅರಿಷಿಣ ಕೊಂಬು ಬೇಕಾಗಿತ್ತು.

ಆಗ ನಾನು ಬೆಳಗಾವಿ ಕಡೆಯ ಒಂದು ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿದ್ದೆ. ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಅಲ್ಲಿ ಸೇರಿಸಿ ಮುಂಬಯಿಗೆ ನೌಕರಿಗೆ ಹೋಗಿದ್ದರು. ಶಾಲೆಯ ಸೂಟಿಗೆ, ಅಂದರೆ ರಜೆಗೆ, ಮಾತ್ರ ತಿಕೋಟಾ. ಮನೆಯಲ್ಲಿ ಅಪ್ಪನ ಅಪ್ಪ, ಅಂದರೆ ಮುತ್ಯಾ. ಅಪ್ಪನ ಅವ್ವ, ಅಂದರೆ ಆಯಿ. ಅಪ್ಪನ ತಮ್ಮ ಕಾಕಾ, ಮತ್ತು ಕಾಕಾನ ಹೆಂಡತಿ ಚಿಗವ್ವ. ನನ್ನ ಇಂಗ್ಲಿಷಿನ ಬಗ್ಗೆ ಆಯಿಗೆ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. "ಅದನ್ನ ಕಲತ್ರ ರೊಟ್ಟಿ ಗುಂಡಗ ಆಗ್ತಾವೇನ ತಂಗಿ?" ಎಂದು ಕೇಳುತ್ತಿದ್ದಳು. ಆದರೆ ತಾರು ಬಂದರೆ, ಔಷಧದ ಬಾಟ್ಲಿಯ ಮೇಲಿನ ಚೀಟಿ ಓದಬೇಕಾದರೆ, ನನ್ನನ್ನೇ ಕರೆಯುತ್ತಿದ್ದರು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿನಲ್ಲಿಡಿ.

ಚಿಗವ್ವ ಆ ಮನೆಗೆ ಬಂದು ಏಳು ವರ್ಷವಾಗಿತ್ತು. ಊರೆಲ್ಲ ಅವಳನ್ನು ಹೊಗಳುತ್ತಿತ್ತು. ಅವಳ ಅಡುಗೆಗಲ್ಲ, ಅವಳ ಬುದ್ಧಿಗಲ್ಲ. ಅವಳ ಬಗ್ಗಿದ ಕೊರಳಿಗೆ. ಹಿರಿಯರೆದುರು ಹುಬ್ಬಿನ ತನಕ ಸೆರಗು, ಕಣ್ಣು ನೆಲದ ಮೇಲೆ. "ಸೊಸಿ ಅಂದ್ರ ಹಿಂಗಿರಬೇಕ ನೋಡವಾ, ಏಳ ವರ್ಷದಾಗ ಒಂದ ದಿನ ತಲಿ ಎತ್ತಿಲ್ಲ" ಎಂದು ಓಣಿಯ ಹೆಂಗಸರು ತಮ್ಮ ತಮ್ಮ ಸೊಸೆಯರಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಒಳ್ಳೆಯ ಸೊಸೆ ಎಂದರೆ ಕೊರಳೇ ಇಲ್ಲದವಳು ಎಂದು ಅರ್ಥ ಮಾಡಿಕೊಂಡಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ "ಗರ್ಲ್ಸ್, ಚಿನ್ ಅಪ್" ಎಂದು ದಿನಕ್ಕೆ ಹತ್ತು ಸಲ ಕೂಗುತ್ತಿದ್ದರು. ಎರಡರಲ್ಲಿ ಯಾವುದು ಡಿಸಿಪ್ಲಿನ್ ಎಂದು ನನಗೆ ಗೊಂದಲ.

ಆ ಬೇಸಿಗೆಯ ಸೂಟಿಯ ಒಂದು ಸೋಮವಾರ. ಹೊಲದಿಂದ ಬಂದ ಜೋಳದ ಚೀಲಗಳನ್ನು ಆಳುಗಳು ಪಡಸಾಲೆಯಲ್ಲಿ ಗೋಡೆಗೆ ಒಟ್ಟುತ್ತಿದ್ದರು. ಮುತ್ಯಾ ಎದುರಿಗೆ ಕೂತು ನೋಡುತ್ತಿದ್ದ. ಚೆಲ್ಲಿದ ಕಾಳು ಬಳಿಯಲು ಆಯಿ ಚಿಗವ್ವನನ್ನು ಕರೆದಳು. ಚಿಗವ್ವ ಕಸಬರಿಗೆ ಹಿಡಿದು ಬಂದಳು. ಮಾವ ಕೂತಿದ್ದಾನಲ್ಲ, ಎಂದಿಗಿಂತ ನಾಲ್ಕು ಬೆರಳು ಹೆಚ್ಚೇ ಬಗ್ಗಿದ್ದಳು. ಮೇಲಿನ ಚೀಲ ಜಾರುತ್ತಿರುವುದು ಪಡಸಾಲೆಯಲ್ಲಿದ್ದ ಎಲ್ಲರಿಗೂ ಕಂಡಿತು, ಅವಳೊಬ್ಬಳನ್ನು ಬಿಟ್ಟು. ಚೀಲ ನೇರ ಅವಳ ಕೊರಳ ಹಿಂದೆ, ಹೆಡಕಿನ ಮೇಲೆ ಬಿತ್ತು.

"ಚೀಲ ಒಡೀತೇನ್ಲೇ?" ಎಂದ ಮುತ್ಯಾ.

"ಇಲ್ರೀ ಯಪ್ಪಾ, ಹೊಲಿಗಿ ಗಟ್ಟಿ ಐತಿ" ಎಂದ ಆಳು.

"ಸೆರಗ ಜಾರೈತಿ ನೋಡ ಬೇ, ಹೊಚ್ಚಗೋ" ಎಂದಳು ಆಯಿ.

ಚಿಗವ್ವ ಸೆರಗು ಹೊಚ್ಚಿಕೊಳ್ಳಲಿಲ್ಲ. ಎದ್ದು ಕೂತು, ಎರಡೂ ಕೈಗಳಿಂದ ತಲೆಯನ್ನು ತುಂಬಿದ ಕೊಡದ ಹಾಗೆ ಹಿಡಿದುಕೊಂಡಿದ್ದಳು. ಕೈ ಬಿಟ್ಟರೆ ಎಲ್ಲಿ ತುಳುಕೀತೋ ಎನ್ನುವ ಹಾಗೆ. ಯುದ್ಧದ ದಿನಗಳು, ಕಾನ್ವೆಂಟಿನಲ್ಲಿ ವಾರಕ್ಕೊಮ್ಮೆ ಫಸ್ಟ್ ಏಡ್ ಕ್ಲಾಸು ನಡೆಯುತ್ತಿತ್ತು. "ಕೊರಳು ಬಾಗಿಲ ಹಿಡಿಕೆಯಲ್ಲ ಗರ್ಲ್ಸ್, ಪೆಟ್ಟಾದ ಮೇಲೆ ತಿರುಗಿಸಿ ನೋಡಬಾರದು" ಎಂದು ಸಿಸ್ಟರ್ ಹೇಳಿದ್ದು ಕಿವಿಯಲ್ಲಿತ್ತು. ಹೆಡಕಿನ ಎಲುಬು ಮುರಿದಿದ್ದು, ಯಾರಾದರೂ ಅದನ್ನು ತಿರುವಿದರೆ, ಮನುಷ್ಯ ಅಲ್ಲಿಯೇ ಮುಗಿಯಬಹುದು ಎಂದೂ ಹೇಳಿದ್ದರು.

ತಿರುವಲು ಮನೆಯವರು ಆಗಲೇ ಜನ ಗೊತ್ತುಮಾಡಿದ್ದರು. ಬಬಲೇಶ್ವರದಲ್ಲಿ ಉಳುಕು ತೆಗೆಯುವ ಒಬ್ಬ ಹಳೆಯ ಪೈಲವಾನನಿದ್ದ. ಕೊರಳು ಉಳುಕಿದವರ ತಲೆಯ ಮೇಲೆ ಟಾವೆಲ್ ಹಾಕಿ, ಗದ್ದ ಒಂದು ಕೈಯಲ್ಲಿ, ಹಿಂದಲೆ ಒಂದು ಕೈಯಲ್ಲಿ ಹಿಡಿದು ಒಂದೇ ಸಲ ತಿರುವುತ್ತಿದ್ದ. ಲಟಕ್ ಎಂದು ಸಪ್ಪಳ ಬರಬೇಕು. ಸಪ್ಪಳ ದೊಡ್ಡದಾದಷ್ಟೂ ಗುಣ ಬೇಗ ಎಂದು ಸುತ್ತಿನ ಹಳ್ಳಿಗಳ ನಂಬಿಕೆ. ದೇವರ ದಯೆ, ಅವನಿಗೊಂದು ನೇಮವಿತ್ತು: ಮಂಗಳವಾರ ಎಲುಬು ಮುಟ್ಟುತ್ತಿರಲಿಲ್ಲ. ಹಾಗಾಗಿ ಕಾಕಾ ಬಬಲೇಶ್ವರಕ್ಕೆ ಹೋಗಿ, ಬುಧವಾರ ಮುಂಜಾನೆ ಅವನನ್ನು ಕರೆದುಕೊಂಡು ಬರುವುದೆಂದು ಠರಾವಾಯಿತು. ನನಗೆ ಸಿಕ್ಕದ್ದು ಒಂದು ಮಂಗಳವಾರ.

ಬಿಜಾಪುರದಲ್ಲಿ (ಈಗ ವಿಜಯಪುರ ಎನ್ನಬೇಕು, ನನ್ನ ನಾಲಿಗೆ ಹೊರಳುವುದಿಲ್ಲ) ಒಬ್ಬ ಡಾಕ್ಟರು ಎಕ್ಸ್‌ರೇ ಮಷೀನ್ ತರಿಸಿದ್ದರು. ಜನ ಅದಕ್ಕೆ ಎಲುಬಿನ ಫೋಟೋ ಎನ್ನುತ್ತಿದ್ದರು. ಅಲ್ಲಿಗೆ ಒಯ್ಯೋಣ, ಫೋಟೋ ನೋಡುವ ತನಕ ಯಾರೂ ಕೊರಳು ಮುಟ್ಟುವುದು ಬೇಡ ಎಂದು ನಾನು ಮುತ್ಯಾನಿಗೆ ಬೇಡಿಕೊಂಡೆ. ಸಾಯುವ ಮಾತು ಹೇಳಿದೆ. "ಸೂಟಿಗಿ ಬಂದ ಹುಡುಗಿ ಸೂಟಿ ಮಾಡ" ಎಂದ. ನಾನು ಅತ್ತರೆ ಅವನು ಎಲೆ ಅಡಿಕೆ ಹಾಕಿಕೊಂಡ. ಕಡೆಗೆ ನಿರಾಸೆಯಿಂದ, "ಹೊನವಾಡದ ಬೀಗರು ಮಾಡಿಸ್ಯಾರಲ್ಲ" ಎಂದೆ.

ಮುತ್ಯಾನ ಬಾಯಿ ಅಗಿಯುವುದನ್ನು ನಿಲ್ಲಿಸಿತು.

ಹೊನವಾಡದ ಬೀಗರೆಂದರೆ ಚಿಗವ್ವನ ತವರಿನವರು. ಅವಳ ಅಪ್ಪ ಕುದುರೆಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡಾಗ ಫೋಟೋ ತೆಗೆಸಿ, ಅದನ್ನು ಕಿಟಕಿಗೆ ಕಟ್ಟಿ, ಬಂದವರಿಗೆ ಚಹಾಕ್ಕಿಂತ ಮೊದಲು ಅದನ್ನೇ ತೋರಿಸುತ್ತಿದ್ದ. ಹೋದ ಸಲ ಮುತ್ಯಾನಿಗೂ ತೋರಿಸಿ, "ನಿಮ್ಮಲ್ಲಿ ಇನ್ನೂ ಯಾರದೂ ತಗಸಿಲ್ಲೇನ್ರಿ?" ಎಂದು ಕೇಳಿದ್ದನಂತೆ.

"ಗಾಡಿ ಹೂಡ್ಲೇ ನಸಿಕಿನ್ಯಾಗ" ಎಂದ ಮುತ್ಯಾ ಆಳಿಗೆ.

ಸಣ್ಣಪುಟ್ಟ ಕಾರಣಗಳಿಂದಲೇ ದೊಡ್ಡ ಉಪಕಾರಗಳು ಆಗುತ್ತವೆ ಎನ್ನುವ ಫಿಲಾಸಫಿ ನನಗೆ ಅಂದೇ ಸಿಕ್ಕಿತು. ಸಿಸ್ಟರ್‌ಗೆ ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ಬಾಗಿಲ ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು ಎಂದು ನನ್ನ ಫಸ್ಟ್ ಏಡ್ ಪುಸ್ತಕ ಹೇಳುತ್ತಿತ್ತು. "ಹಲಗಿ ಮ್ಯಾಲ ಹೊರಗ ಹೋಗವ್ರು ತಿರಗಿ ಬರಂಗಿಲ್ಲ" ಎಂದು ಆಯಿ ಕಣ್ಣು ಕೆಂಪು ಮಾಡಿದಳು. ಹಗ್ಗದ ಹೊರಸಿಗೆ ಒಪ್ಪಿದಳು. ತಲೆಯ ಎರಡೂ ಬದಿಗೆ ಉಸುಕಿನ ಚೀಲ ಇಡಬೇಕಿತ್ತು. ಉಸುಕಿರಲಿಲ್ಲ, ಎರಡು ಸಣ್ಣ ಚೀಲಗಳಿಗೆ ಜೋಳವನ್ನೇ ತುಂಬಿದೆ. "ಕೆಡವಿದ್ದೂ ಅದ ಜೋಳ, ಹಿಡಿಯೂದೂ ಅದ ಜೋಳ" ಎಂದು ಗೊಣಗುತ್ತ ಆಯಿಯೇ ಚೀಲದ ಬಾಯಿ ಹೊಲಿದುಕೊಟ್ಟಳು.

ಆಮೇಲೆ ಪೆಟ್ಟಿಗೆ ತೆರೆದಳು. ತನ್ನ ಟಿಕ್ಕಿಯನ್ನು ತಂದು ಚಿಗವ್ವನ ಆ ಪೆಟ್ಟಾದ ಕೊರಳಿಗೆ ಕಟ್ಟಿದಳು. ಅದರ ಮೇಲೆ ಬೋರಮಾಳ. ನಾನು ಕಿರುಚಿದೆ.

"ಯಾಕ ಬಾಯಿ ಮಾಡ್ತಿ? ಎಲುಬಿನ ಫೋಟೋ ಅಂತ ನಂಗೂ ಗೊತ್ತೈತಿ" ಎಂದಳು ಆಯಿ. "ಆದ್ರ ದಾರ್ಯಾಗ ನೋಡವ್ರಿಗಿ ಎಲುಬ ಕಾಣಸ್ತೈತೇನು? ನಮ್ಮ ಸೊಸಿ ಬಿಜಾಪುರಕ್ಕ ಬರೇ ಕೊರಳಿಲೆ ಹೋಗಬೇಕೇನು?"

ಚಿಗವ್ವ ಕಣ್ಣು ಮುಚ್ಚಿ ಮಲಗಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ದವಾಖಾನೆ ಬಿಜಾಪುರದ ಇಬ್ರಾಹಿಂಪುರದ ಕಡೆ, ರೈಲು ಹಳಿಗೆ ಹತ್ತಿರ. ಗಾಡಿ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಡಾಕ್ಟರು ಪುಣೆಯಲ್ಲಿ ಓದಿದವರು, ಕನ್ನಡವನ್ನು ಮರಾಠಿಯ ಒಗ್ಗರಣೆ ಹಾಕಿ ಆಡುತ್ತಿದ್ದರು. ಹೊರಸಿನ ಎರಡೂ ಬದಿಯ ಜೋಳದ ಚೀಲ ನೋಡಿ, "ಇದು ಯಾರ ಬುದ್ಧಿ?" ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. "ವೆರಿ ಗುಡ್" ಎಂದರು. ಕೊರಳ ಮೇಲಿನ ಬಂಗಾರ ನೋಡಿ, "ಇದು ಯಾರ ಬುದ್ಧಿ?" ಎಂದರು. ನಾನು ಆಯಿಯ ಕಡೆ ನೋಡಿದೆ.

"ಅಜ್ಜೀಬಾಯಿ, ಇದೆಲ್ಲಾ ತೆಗೀಬೇಕು. ತಾಳಿ ಸುದ್ಧಾ" ಎಂದರು ಡಾಕ್ಟರು.

"ಟಿಕ್ಕಿ ತೆಗೀತೀನ್ರಿ. ಬೋರಮಾಳ ತೆಗೀತೀನಿ. ತಾಳಿ ತೆಗಿಯಾಂಗಿಲ್ಲ."

"ಲೋಹದಾಗಿಂದ ಕಿರಣ ದಾಟೂದಿಲ್ಲ. ಎಲುಬು ಕಾಣೂದಿಲ್ಲ."

"ಗಂಡ ಗಟ್ಟಿಮುಟ್ಟ ಅದಾನ್ರಿ ಸಾಹೇಬ್ರ. ಅಂವ ಇರೂತನಾ ಇಕಿ ಕೊರಳ ಬೋಳ ಆಗಾಂಗಿಲ್ಲ. ಎಲುಬಿಗಂತ ಗಂಡನ್ನ ಕಳಕೊಳ್ಳಾಕ ಆಗ್ತೈತೇನು?"

ಆ ಗಟ್ಟಿಮುಟ್ಟಾದ ಗಂಡ ಆ ಹೊತ್ತಿಗೆ ಬಬಲೇಶ್ವರದಲ್ಲಿ ಪೈಲವಾನನ ಗರಡಿ ಮನೆಯಲ್ಲಿ ಕೂತು ಕುಸ್ತಿ ನೋಡುತ್ತಿದ್ದ. ಅವನ ಆಯುಷ್ಯವನ್ನು ಇಲ್ಲಿ ಹೆಂಡತಿಯ ಮುರಿದ ಕೊರಳು ಕಾಯುತ್ತಿತ್ತು.

ವಾದ ಬೆಳೆಯಿತು. ತಾಳಿ ತೆಗೆಯದಿದ್ದರೆ ಉಳಿದದ್ದನ್ನು ಮಾತ್ರ ಯಾಕೆ ತೆಗೆಯಬೇಕು ಎಂದು ಆಯಿ ಅದಕ್ಕೂ ಒಪ್ಪದಾದಳು. ಮುತ್ಯಾ ಮೀಸೆ ತಿರುವುತ್ತ, "ಹ್ಯಾಂಗೈತಿ ಹಾಂಗ ತಗೀರಿ ಸಾಹೇಬ್ರ, ಬಂದಷ್ಟ ಬರಲಿ" ಎಂದ. ಡಾಕ್ಟರು ಬೇಸತ್ತು, ಸರಗಳನ್ನು ಆದಷ್ಟು ಕೆಳಗೆ ಸರಿಸಿ, ಒಂದು ಪ್ಲೇಟು ತೆಗೆದರು. ಅದು ಕತ್ತಲೆಯ ಕೋಣೆಯಿಂದ ಹೊರಗೆ ಬಂದಾಗ ನಾನು ಆಗಲೇ ಹೇಳಿದ ಚಿತ್ರ ಅದರಲ್ಲಿತ್ತು.

ಡಾಕ್ಟರು ಹಣೆ ಒರೆಸಿಕೊಂಡರು. ಆಯಿ ಮಾತ್ರ ಬೆಳಕಿಗೆ ಹಿಡಿದ ಆ ಒದ್ದೆ ಪ್ಲೇಟನ್ನು ನೋಡಿ ಹೂವಿನಂತೆ ಅರಳಿದಳು. "ನೋಡ್ರಿ ಬೋರಮಾಳದ ಒಂದೊಂದ ಗುಂಡೂ ಹ್ಯಾಂಗ ಬಂದೈತಿ!"

ಮುತ್ಯಾನೂ ಬಗ್ಗಿ ನೋಡಿದ. "ಸಾಕ್ರಿ ಸಾಹೇಬ್ರ, ಇದ ಬೇಷೈತಿ. ಹೊನವಾಡದವ್ರದ್ರಾಗ ಬರೇ ಎಲುಬ ಐತಿ."

ಅವರು ಎದ್ದು ಹೊರಡಲು ಅಣಿಯಾದರು. ನಾನು ಹೊರಸಿನ ಬದಿಗೆ ಕೂತೆ. ಆಗ ಚಿಗವ್ವ ಆ ದಿನದ ಮೊದಲ ಮಾತಾಡಿದಳು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.

"ತಂಗೀ, ಎಡಗೈ ಬೆರಳೆಲ್ಲಾ ಜುಮು ಜುಮು ಅನ್ನಾಕತ್ತಾವ. ಹಿಂಗ ಆಗೂದು ಛಲೋ ಏನು?"

ಡಾಕ್ಟರಿಗೆ ಹೇಳಿದೆ. ಸೂಜಿಯಿಂದ ಬೆರಳುಗಳನ್ನು ಚುಚ್ಚಿ ನೋಡಿದರು. ತಿರುಗಿ ನಿಂತು ನನಗೆ ಇಂಗ್ಲಿಷಿನಲ್ಲಿ ಹೇಳಿದರು: ನರಕ್ಕೆ ಒತ್ತುತ್ತಿದೆ, ಎಲುಬು ಒಡೆದಿರಬಹುದು, ನೋಡದೆ ಏನೂ ಹೇಳಲಾರೆ, ಯುದ್ಧದಿಂದ ಫಿಲ್ಮು ಬರುವುದೇ ನಿಂತಿದೆ, ನನ್ನ ಹತ್ತಿರ ಉಳಿದಿರುವುದು ಒಂದೇ ಒಂದು, ಇದನ್ನೂ ಬಂಗಾರಕ್ಕೆ ಸುರಿಯಲಾರೆ.

ಅದನ್ನು ಕನ್ನಡ ಮಾಡಿ ಹೇಳಿದೆ. ಕಡೆಗೆ, "ನಾಳೆ ಪೈಲವಾನ ತಿರುವಿದ ಅಂದ್ರ ಚಿಗವ್ವ ಸಾಯ್ತಾಳ ಆಯೀ" ಎಂದೆ.

ಆಯಿ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಅವಳು ಕೆಟ್ಟವಳಲ್ಲ. ಇಷ್ಟು ವರ್ಷದ ಮೇಲೆ ಹೇಳುತ್ತೇನೆ, ಆ ಹೊತ್ತು ಅವಳ ಮುಖದಲ್ಲಿದ್ದದ್ದು ಹಟವಲ್ಲ, ಅಂಜಿಕೆ. ಸೊಸೆ ಒಂದು ಕಡೆ, ಮಗ ಒಂದು ಕಡೆ. ನಡುವೆ ಒಂದು ಕರಿಮಣಿ ಸರ.

ದವಾಖಾನೆಯ ಕಾವಲುಗಾರನ ಹೆಂಡತಿ ಅಲ್ಲಿ ಕಸ ಹೊಡೆಯುತ್ತಿದ್ದಳು. ಹೆಣ್ಣು ಪೇಷಂಟುಗಳನ್ನು ನೋಡಿಕೊಳ್ಳುವವಳೂ ಅವಳೇ. ನಮ್ಮ ಕಡೆ ಮುಸಲ್ಮಾನ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ ಅವಳನ್ನೂ ಎಲ್ಲರೂ ಬೂಬಮ್ಮ ಎನ್ನುತ್ತಿದ್ದರು. ಕಸಬರಿಗೆ ಗೋಡೆಗಿಟ್ಟು ಕೇಳಿದಳು:

"ಅಮ್ಮಾರ, ಒಂದ ಮಾತ ಕೇಳಲೇನ್ರಿ? ತಾಳಿ ಮುಕ್ಕಾಗಿ ಅಕ್ಕಸಾಲಿಗ್ಯಾನ ಕಡೆ ಕೊಟ್ಟಾಗ ನೀವು ಏನ್ ಕಟ್ಟಗೋತೀರಿ?"

"ಅರಿಷಿಣ ಕೊಂಬು" ಎಂದಳು ಆಯಿ, ಯೋಚಿಸದೆ.

"ಎಷ್ಟ ದಿನಾ?"

"ಅಂವ ಕೊಡೂತನಾ. ಎಂಟ ದಿನಾ, ಹದಿನೈದ ದಿನಾ."

"ಆಗ ಮಾಲಕರಿಗಿ ಏನರ ಆಗಿತ್ತೇನ್ರಿ?"

ಆಯಿ ಮುತ್ಯಾನನ್ನು ನೋಡಿದಳು. ಮುತ್ಯಾ ತನಗೆ ಏನಾದರೂ ಆಗಿತ್ತೇ ಎಂದು ನೆನಪು ಮಾಡಿಕೊಳ್ಳುವವನ ಹಾಗೆ ಎದೆ ಮುಟ್ಟಿ ನೋಡಿಕೊಂಡ.

"ಅರಿಷಿಣದಾಗಿಂದ ಹಾಯ್ತೈತೇನ್ರಿ ನಿಮ್ಮ ಕಿರಣಾ?" ಎಂದು ಬೂಬಮ್ಮ ಡಾಕ್ಟರನ್ನು ಕೇಳಿದಳು.

ಡಾಕ್ಟರು ಕುರ್ಚಿಯಿಂದ ಎದ್ದೇ ಬಿಟ್ಟರು. "ಸರಾಗ ಹಾಯ್ತೈತಿ! ಅರಿಷಿಣ, ನೂಲಿನ ದಾರ, ಏನೂ ಅಡ್ಡಿಯಿಲ್ಲ."

ಪುಣೆಯ ವಿದ್ಯೆ, ಕಾನ್ವೆಂಟಿನ ವಿದ್ಯೆ ಎರಡೂ ಸೋತು ಕೂತಲ್ಲಿ ಕಸಬರಿಗೆ ಹಿಡಿದವಳು ಗೆದ್ದಳು. ತನ್ನ ಮನೆಯಿಂದಲೇ ಕೊಂಬು ತಂದಳು. ದವಾಖಾನೆಯ ಹೊಲಿಗೆಯ ದಾರಕ್ಕೆ ಅರಿಷಿಣ ಹಚ್ಚಿದರು. ಆಯಿ ಕೈ ಚಾಚಿ, ಒಂದು ಕ್ಷಣ ತಡೆದು, "ಅಡಗಿ ಮನೀದೇನು?" ಎಂದಳು.

"ಹೌದ್ರಿ. ನಿನ್ನಿ ಇದರ ಜೋಡಿದ್ದ ಕೊಂಬ ಸಾರಿಗಿ ಹಾಕೀನಿ."

"ಯಾ ಸಾರು ಅಂತ ಹೇಳಬ್ಯಾಡ" ಎಂದಳು ಆಯಿ, ಕೊಂಬನ್ನು ಕಣ್ಣಿಗೊತ್ತಿಕೊಂಡಳು. "ಅರಿಷಿಣಕ್ಕ ಮೈಲಿಗಿ ಇಲ್ಲ."

ಮೊದಲು ಕೊಂಬು ಕಟ್ಟಿ, ಆಮೇಲೆ ಒಂದೊಂದಾಗಿ ಬಂಗಾರ ಬಿಚ್ಚಿದರು. ತಲೆ ಅಲುಗದಂತೆ ಡಾಕ್ಟರು ಹಿಡಿದಿದ್ದರು. ಕಡೆಗೆ ಆಯಿ ತಾಳಿಯ ಕೊಂಡಿ ಬಿಚ್ಚಿದಳು. ಸರಿಯಾಗಿ ಅದೇ ಹೊತ್ತಿಗೆ ಗೂಡ್ಸ್ ರೈಲು ಬಂತು. ನೆಲ ಅದುರಿದರೆ ಚಿತ್ರ ಕೆಡುತ್ತದೆಂದು ಡಾಕ್ಟರು ಕೈಯೆತ್ತಿ ನಿಂತರು. ಎಷ್ಟು ಡಬ್ಬಿಗಳಿದ್ದವೋ ಆ ಗಾಡಿಗೆ! ಕೊರಳಲ್ಲಿ ಬರೀ ಅರಿಷಿಣದ ಕೊಂಬು ಇಟ್ಟುಕೊಂಡು ಚಿಗವ್ವ, ಮಗನ ಹೆಸರು ಹೇಳಿ ದೇವರಿಗೆ ಕೈಮುಗಿಯುತ್ತ ಆಯಿ, ಡಬ್ಬಿ ಎಣಿಸುತ್ತ ನಾವು. ಕಡೆಯ ಡಬ್ಬಿ ಹೋಯಿತು. ಡಾಕ್ಟರು ಗುಂಡಿ ಒತ್ತಿದರು.

ಈ ಪ್ಲೇಟಿನಲ್ಲಿ ಚಿಗವ್ವ ಇದ್ದಳು. ಹೆಡಕಿನ ಎಲುಬುಗಳು ಒಂದರ ಮೇಲೊಂದು, ಮಕ್ಕಳು ಆಟಕ್ಕೆ ಜೋಡಿಸಿದ ಕಲ್ಲುಗಳ ಹಾಗೆ. ಡಾಕ್ಟರು ಪೆನ್ಸಿಲಿನ ತುದಿಯಿಂದ ಮೇಲಿನಿಂದ ಎರಡನೆಯದನ್ನು ತೋರಿಸಿದರು. ಅಡ್ಡಕ್ಕೆ ಕೂದಲಿನಷ್ಟು ತೆಳುವಾದ ಕರಿ ಗೆರೆ. "ಕ್ರ್ಯಾಕ್" ಎಂದರು. "ಇನ್ನೂ ಜಾಗದಾಗ ಐತಿ. ಯಾರೂ ತಿರುವಲಿಲ್ಲಂದ್ರ ಕೂಡತದ." ಗದ್ದದಿಂದ ಭುಜದ ತನಕ ಪ್ಲಾಸ್ಟರ್ ಹಾಕಿದರು. ಸಂಜೆಯ ಬಿಸಿಲಲ್ಲಿ ನಾವು ಎರಡೂ ಪ್ಲೇಟು ಹಿಡಿದು ತಿಕೋಟಾದ ದಾರಿ ಹಿಡಿದೆವು. ಮುತ್ಯಾನ ತೊಡೆಯ ಮೇಲಿದ್ದದ್ದು ಬಂಗಾರದ್ದು. ನನ್ನ ತೊಡೆಯ ಮೇಲಿದ್ದದ್ದು ಎಲುಬಿನದು.

ಬುಧವಾರ ಮುಂಜಾನೆ ಕಾಕಾ ಪೈಲವಾನನನ್ನು ಕರೆತಂದ. ಹೆಗಲ ಮೇಲೆ ಟಾವೆಲ್, ಕೈಗೆ ಎಣ್ಣೆ ಹಚ್ಚಿಕೊಂಡೇ ಬಂದಿದ್ದ.

"ಈ ಸುಣ್ಣ ಯಾಂವ ಮೆತ್ತ್ಯಾನ್ರಿ ಇಕಿಗಿ?" ಎಂದ ಪ್ಲಾಸ್ಟರ್ ನೋಡಿ. "ಒಡೀರಿ. ಎರಡ ನಿಮಿಷದ ಕೆಲಸ."

ಮುತ್ಯಾ ಗತ್ತಿನಿಂದ ಪ್ಲೇಟು ಕೊಟ್ಟ. ಪೈಲವಾನ ಅದನ್ನು ಬಿಸಿಲಿಗೆ ಹಿಡಿದು ಆಚೆ ಈಚೆ ತಿರುಗಿಸಿದ. "ಸರ ಛಲೋ ಅದಾವ್ರಿ. ಕೊರಳ ಎಲ್ಲೈತಿ?"

ನಾನು ಓಡಿಹೋಗಿ ಇನ್ನೊಂದನ್ನು ತಂದುಕೊಟ್ಟೆ. ಗೆರೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ನಾನು ನಗೆಯಾಡುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಜೀವಮಾನವೆಲ್ಲ ಕೈಯಿಂದಲೇ ಬಲ್ಲ ಎಲುಬನ್ನು ಅವನು ಕಣ್ಣಿನಿಂದ ನೋಡುತ್ತಿದ್ದದ್ದು ಅದೇ ಮೊದಲು.

"ಇಷ್ಟ ಸಣ್ಣದಿರತೈತೇನ್ ಇದು?" ಎಂದ. ತನ್ನ ಎರಡೂ ಅಂಗೈ ನೋಡಿಕೊಂಡ. "ನಾ ತಿರುವತಿದ್ದೆ ಯವ್ವಾ. ತಿರುವೇ ತಿರುವತಿದ್ದೆ."

ಚಹಾ ಕುಡಿಯದೆ ಹೋದ. ಆಮೇಲೆ ಅವನು ಕೈಕಾಲಿನ ಉಳುಕು ಮಾತ್ರ ತೆಗೆಯುತ್ತಿದ್ದನಂತೆ. ಕೊರಳು ಎಂದವರನ್ನು ಬಿಜಾಪುರಕ್ಕೆ ಕಳಿಸುತ್ತಿದ್ದನಂತೆ. ನಮ್ಮ ಮನೆಯಲ್ಲಿ ಇಂಥ ಬದಲಾವಣೆಯೇನೂ ಆಗಲಿಲ್ಲ. ಬಂಗಾರದ ಪ್ಲೇಟು ಕಿಟಕಿಗೆ ಏರಿತು. ಹೊನವಾಡದ ಬೀಗ ಮಗಳನ್ನು ನೋಡಲು ಬಂದಾಗ ಅವನಿಗೆ ಚಹಾಕ್ಕಿಂತ ಮೊದಲು ಅದನ್ನೇ ತೋರಿಸಲಾಯಿತು. ಅರಿಷಿಣದ ಕೊಂಬು ಎಲ್ಲಿಂದ ಬಂತು ಎಂದು ಯಾರೋ ಕೇಳಿದ್ದಕ್ಕೆ ಆಯಿ, "ದಾರ್ಯಾಗ ಗುಡಿ ಇತ್ತು" ಎಂದಳು. ಗುಡಿ ಇದ್ದದ್ದು ನಿಜ, ಸುಳ್ಳಲ್ಲ.

ದೀಪಾವಳಿಯ ಸೂಟಿಗೆ ಬಂದಾಗ ಮನೆಯಲ್ಲಿ ಹೊಸ ಚಿಗವ್ವನೊಬ್ಬಳಿದ್ದಳು. ಪ್ಲಾಸ್ಟರ್ ಹೋಗಿ ಕೊರಳಿಗೆ ಚರ್ಮದ ಪಟ್ಟಿ ಬಂದಿತ್ತು. ಪಟ್ಟಿ ಗದ್ದವನ್ನು ಎತ್ತಿ ಹಿಡಿದಿತ್ತು. ಹಾಗಾಗಿ ಅವಳು ಬೇಕೋ ಬೇಡವೋ ಎಲ್ಲರ ಮುಖವನ್ನೂ ನೇರ ನೋಡಬೇಕಾಗಿತ್ತು. ಏಳು ವರ್ಷ ಬಗ್ಗಿದ ಕೊರಳನ್ನು ಹೊಗಳಿದ್ದ ಓಣಿ ಈಗ ಹಾದಿ ಬದಲಿಸಿ ಹೋಗುತ್ತಿತ್ತು.

ಹಿತ್ತಲಿನಲ್ಲಿ ಕೂತು ಅವರೆಕಾಯಿ ಸುಲಿಯುವಾಗ ಅವಳು ಕೇಳಿದಳು, "ನಿಮ್ಮ ಮುತ್ಯಾನ ಮೂಗಿನ ಮ್ಯಾಲ ಮಚ್ಚಿ ಐತಿ, ಗೊತ್ತೇನ ನಿಂಗ?"

"ಗೊತ್ತಿಲ್ದೇನು ಚಿಗವ್ವಾ!"

"ನಂಗ ಗೊತ್ತಿರಲಿಲ್ಲ ನೋಡ. ನಂಗ ಅವರ ಕಾಲು ಗೊತ್ತು. ಎಡಗಾಲ ಹೆಬ್ಬೆರಳಿನ ಉಗರ ಕರ್ರಗೈತಿ." ಅವಳು ನಕ್ಕಳು. "ನಿಮ್ಮ ಆಯಿ ಬೈಯುವಾಗ ಒಂದ ಕಣ್ಣ ಸಣ್ಣ ಮಾಡ್ತಾಳ, ನಗು ಬರತೈತಿ. ಇಷ್ಟ ದಿನ ಸುಮ್ಮನ ಅಂಜಿ ಸತ್ತೆ."

ಆಮೇಲೆ ಸ್ವಲ್ಪ ಹೊತ್ತು ಕಾಯಿ ಸುಲಿದಳು. ದವಾಖಾನೆಗೆ ಮತ್ತೆ ಫಿಲ್ಮು ಬಂದಿತ್ತು, ಕೊನೆಯ ಪ್ಲೇಟು ತೆಗೆಸಿಕೊಂಡು ಬಂದು ವಾರವಾಗಿತ್ತು. ಡಾಕ್ಟರು ಅದನ್ನು ಮನೆಯವರು ಒಯ್ದಿದ್ದ ಹಳೆಯದರ ಜೊತೆ ಇಟ್ಟು ನೋಡಿ ಟಪಾಲಿನಲ್ಲಿ ಬರೆಯುತ್ತೇನೆ ಎಂದಿದ್ದರು.

"ಮತ್ತ ಕಾಲ ನೋಡ್ಕೋತ ತಿರಗೂದು ಅಂದ್ರ..." ಎಂದು ಇನ್ನೊಂದು ಕಾಯಿ ಕೈಗೆತ್ತಿಕೊಂಡಳು.

ಮರುದಿನವೇ ಲಕೋಟೆ ಬಂತು. ಪಡಸಾಲೆಯಲ್ಲಿ ಮುತ್ಯಾ, ಆಯಿ, ಕಾಕಾ ಸೇರಿದರು. ಚಿಗವ್ವ ಬಾಗಿಲ ಚೌಕಟ್ಟಿನಲ್ಲಿ ನಿಂತಳು. ನಾನು ಒಡೆದು ಓದಿದೆ. ಎಲುಬು ಗಟ್ಟಿಯಾಗಿ ಕೂಡಿದೆ, ಪಟ್ಟಿ ತೆಗೆದುಬಿಡಿ, ಇನ್ನು ಯಾವ ಅಂಜಿಕೆಯೂ ಇಲ್ಲದೆ ಕೊರಳನ್ನು ಬಗ್ಗಿಸಬಹುದು, ತಿರುಗಿಸಬಹುದು. ಟೈಪ್ ಮಾಡಿದ ನಾಲ್ಕು ಸಾಲು. ಸುಳ್ಳು ಹೇಳಿದ ನಾಲಿಗೆ ಏನಾಗುತ್ತದೆ ಎಂದು ಕಾನ್ವೆಂಟಿನಲ್ಲಿ ಒಂದು ಚಿತ್ರವೇ ತೂಗುಹಾಕಿದ್ದರು. ಅದು ಕಣ್ಣಿನ ಮುಂದೆ ಬಂತು. ಚಿಗವ್ವನ ಮುಖವೂ ಬಂತು.

"ಎಲುಬು ಕೂಡೈತಂತ" ಎಂದೆ. "ಪಟ್ಟಿ ತೆಗೀಬಹುದಂತ. ಆದ್ರ ತಲಿ ಮಾತ್ರ ಬಗ್ಗಸಾಂಗಿಲ್ಲಂತ. ಯಾರ ಮುಂದನೂ. ಜೀವ ಇರೂತನಾ."

"ಯಾರ ಮುಂದನೂ ಅಂತ ಬರದಾನೇನು?" ಎಂದ ಮುತ್ಯಾ.

"ಇಂಗ್ಲಿಷಿನ್ಯಾಗ ಹಂಗ ಬರೀತಾರ್ರಿ ಮುತ್ಯಾ."

ಆಯಿ ಒಂದು ಕಣ್ಣು ಸಣ್ಣ ಮಾಡಿದಳು. "ದೇವರ ಮುಂದ?"

"ನಿಂತ ಕೈ ಮುಗದ್ರ ನಡೀತೈತಂತ."

"ಭಾಳ ತಿಳದಾಂವ ನೋಡ ಡಾಕ್ಟರ. ದೇವ್ರ ಸುದ್ದಿನೂ ಬರದಾನ" ಎಂದಳು ಆಯಿ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಚಿ, ಸೊಂಟದಲ್ಲಿ ತನ್ನ ಸೀರೆಯ ಗಂಟಿಗೆ ಸಿಕ್ಕಿಸಿಕೊಂಡಳು. ಅದನ್ನು ಮತ್ತೆ ಯಾರಿಗೂ ತೋರಿಸಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಬ್ಬ ಸೊಸೆ ಡಾಕ್ಟರ ಹುಕುಮಿನ ಮೇಲೆ ತಲೆ ಎತ್ತಿ ಓಡಾಡಿದಳು. ಪ್ರಿಸ್ಕ್ರಿಪ್ಷನ್ನಿನ ಮುಂದೆ ಶಾಸ್ತ್ರ ನಡೆಯಲಿಲ್ಲ. ಸುದ್ದಿ ಓಣಿಯಲ್ಲಿ ಹಬ್ಬಿತು. ಮುಂದಿನ ಬೇಸಿಗೆಯೊಳಗೆ ನಮ್ಮ ಓಣಿಯ ಮೂರು ಸೊಸೆಯರಿಗೆ ಕೊರಳು ನೋವು ಕಾಣಿಸಿಕೊಂಡಿತು. ಒಬ್ಬಳಂತೂ ಬಿಜಾಪುರಕ್ಕೆ ಹೋಗುವಾಗ ತಾನೇ ಅರಿಷಿಣ ಕೊಂಬು ಸೆರಗಿಗೆ ಕಟ್ಟಿಕೊಂಡು ಹೋಗಿದ್ದಳು. ತಿಕೋಟಾದ ನೀರಿನಲ್ಲಿ ಏನಾದರೂ ದೋಷವಿದೆಯೇ ಎಂದು ಡಾಕ್ಟರು ಕಾಕಾನನ್ನು ಕೇಳಿದರಂತೆ.

ಸ್ವಾತಂತ್ರ್ಯ ಬಂದ ಮೇಲಿನ ಬೇಸಿಗೆಗೆ ನನ್ನ ಮದುವೆಯಾಯಿತು, ಅದೇ ಮನೆಯ ಅಂಗಳದಲ್ಲಿ. ಗಂಡನ ಮನೆಗೆ ಹೊರಡುವಾಗ ಹಿರಿಯರ ಪಾದ ಮುಟ್ಟುತ್ತ ಬಂದು ಚಿಗವ್ವನ ಮುಂದೆ ಬಗ್ಗಿದೆ. ಅವಳಿಗೆ ಎಲ್ಲ ಮರೆತುಹೋಯಿತು. ನೆರೆದ ಬೀಗರು ಬಿಜ್ಜರು ನೋಡುತ್ತಿದ್ದಂತೆಯೇ ಸೊಂಟ, ಬೆನ್ನು, ಕೊರಳು ಎಲ್ಲವನ್ನೂ ಬಗ್ಗಿಸಿ ನನ್ನನ್ನು ಎತ್ತಿಕೊಂಡು, ನನ್ನ ಹೆಗಲಲ್ಲಿ ಮುಖವಿಟ್ಟು ಅತ್ತಳು. ಎಂಥ ಸಲೀಸಾಗಿ ಬಗ್ಗಿತು ಆ ಕೊರಳು! ಮುತ್ಯಾ ಬೆರಗಾಗಿ ಬಾಯಿ ತೆರೆದ.

ಅವನ ಬಾಯಿಂದ ಮಾತು ಹೊರಡುವ ಮೊದಲೇ ಆಯಿಯ ಕೂಗು ಚಪ್ಪರಕ್ಕೆಲ್ಲ ಕೇಳಿತು:

"ಏ, ಬಗ್ಗಬ್ಯಾಡ ಬೇ! ಡಾಕ್ಟರ ಬ್ಯಾಡಂದಾನ, ನೆನಪಿಲ್ಲೇನು? ತಲಿ ಎತ್ತ!"

ಒಂದು ಕಣ್ಣು ಸಣ್ಣ ಮಾಡಿ ನನ್ನನ್ನು ನೋಡಿದಳು. ಚಿಗವ್ವ ತಲೆ ಎತ್ತಿದಳು.